ಕಡಲ ಬಿಡಾರಕ್ಕೆ ಹೊರಟವರಿಗೆ: ದಾರಿಯ ವಿಚಾರ

ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ನೆಲೆಸಿ, ಈ ವರ್ಷ ಹಿರಿಯರೊಡನೆ ಮೋಟರ್‌ಹೋಮಿನಲ್ಲಿ ಸಮುದ್ರತೀರಕ್ಕೆ ಹೊರಡಲಿರುವ ಕನ್ನಡ ಕುಟುಂಬಗಳಿಗೆ



ಊರಿನಿಂದ ಬಂದಿರುವ ತಂದೆತಾಯಿಗಳನ್ನೂ ಅತ್ತೆಮಾವಂದಿರನ್ನೂ ಒಡಗೊಂಡು, ನಾಲ್ಕಾರು ಮನೆಗಳವರು ಒಟ್ಟುಗೂಡಿ, ಮೋಟರ್‌ಹೋಮುಗಳನ್ನು ಬಾಡಿಗೆಗೆ ಪಡೆದು, ಸ್ಯಾನ್ ಸಿಮಿಯನ್ ಕ್ರೀಕಿನ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ಮೂರು ರಾತ್ರಿಗಳ ಮಟ್ಟಿಗೆ ಬಿಡಾರ ಹೂಡಬೇಕೆಂದು ನೀವು ಸಂಕಲ್ಪಿಸಿರುವುದನ್ನು ಕೇಳಿ ನನಗಾದ ಸಂತೋಷ ಸಾಮಾನ್ಯವಾದುದಲ್ಲ. ಆ ಸಂಕಲ್ಪದ ಜೊತೆಯಲ್ಲಿಯೇ, ಕಾರ್ಮೆಲ್‌ನಿಂದ ಬಿಗ್ ಸರ್ ಮಾರ್ಗವಾಗಿ, ಹೆದ್ದಾರಿ 1ರಲ್ಲಿ, ಆದ್ಯಂತವೂ ಸಮುದ್ರವನ್ನು ಬಲಗಡೆಗೆ ಇರಿಸಿಕೊಂಡು ಹೋಗಬೇಕೆಂದು ನಿಮ್ಮಲ್ಲಿ ಬಹುಮಂದಿ ನಿಶ್ಚಯಿಸಿರುವುದೂ ತಿಳಿಯಿತು. ಸಂಕಲ್ಪಕ್ಕೆ ನನ್ನ ಸಂಪೂರ್ಣ ಅನುಮೋದನೆಯಿದೆ, ದಾರಿಗೆ ಇಲ್ಲ. ಹೊರಡುವುದಕ್ಕೆ ಇನ್ನೂ ಕಾಲಾವಕಾಶವಿರುವುದರಿಂದ, ನನ್ನ ಅಸಮ್ಮತಿಯ ಕಾರಣಗಳನ್ನೂ, ಅದಕ್ಕೆ ಬದಲಾಗಿ ಯಾವ ದಾರಿ ಯುಕ್ತವೆಂದು ನನಗೆ ತೋರುತ್ತದೆಂಬುದನ್ನೂ, ಎಲ್ಲರೂ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಸಂತೋಷದ ಕಾರಣವನ್ನು ಹೇಳಿಬಿಡುತ್ತೇನೆ. ಏಕೆಂದರೆ ದಾರಿಯ ನಿರ್ಣಯವೂ ಅದರಿಂದಲೇ ಹುಟ್ಟಬೇಕು. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕಾಣಬೇಕೆಂಬ ಒಂದೇ ಆಸೆಯಿಂದ ಅಷ್ಟು ದೂರ ಹಾರಿ ಬಂದ ಹಿರಿಯರು, ವಾರದ ಐದು ದಿನಗಳನ್ನು ಅಪಾರ್ಟ್‌ಮೆಂಟಿನ ಕಿಟಕಿಯ ಬಳಿಯಲ್ಲಿ ಕುಳಿತು ಕಳೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಶನಿವಾರ ಎಲ್ಲಿಗಾದರೂ ಹೋಗೋಣವೆಂದರೆ ಅವರು ಬೇಡವೆನ್ನುವುದು ನಿರುತ್ಸಾಹದಿಂದಲ್ಲ. ದಾರಿಯಲ್ಲಿ ಶೌಚಕ್ಕೆ ಏನು ಮಾಡುವುದು, ಹೊತ್ತಿಗೆ ಸರಿಯಾಗಿ ಬಾಯಿಗೆ ಒಗ್ಗುವ ಊಟ ಎಲ್ಲಿ ಸಿಕ್ಕೀತು, ಸೊಂಟ ನೋಯತೊಡಗಿದರೆ ಎಲ್ಲಿ ಒರಗುವುದು ಎಂಬ ಮೂರು ಚಿಂತೆಗಳು, ಮಕ್ಕಳಿಗೆ ಹೊರೆಯಾಗಬಾರದೆಂಬ ಸಂಕೋಚದಿಂದ ಬಾಯಿಗೆ ಬಾರದೆ, ಅವರನ್ನು ಮನೆಯಲ್ಲಿಯೇ ಹಿಡಿದಿಟ್ಟಿರುತ್ತವೆ. ಒಲೆ, ಹಾಸಿಗೆ, ಶೌಚಾಲಯಗಳನ್ನು ಜೊತೆಯಲ್ಲಿಯೇ ಕೊಂಡೊಯ್ಯುವ ಮೋಟರ್‌ಹೋಮು ಈ ಮೂರನ್ನೂ ಒಮ್ಮೆಗೇ ಪರಿಹರಿಸುತ್ತದೆ. ಎಪ್ಪತ್ತು ವರ್ಷದ ಒಬ್ಬ ತಾಯಿ ತನ್ನ ಕೈಯಡುಗೆಯನ್ನೇ ಉಂಡು, ತನ್ನ ಹೊದಿಕೆಯನ್ನೇ ಹೊದೆದು, ಪೆಸಿಫಿಕ್ ಸಾಗರದ ಮೊರೆತವನ್ನು ಕೇಳುತ್ತ ನಿದ್ರಿಸುವ ಯೋಗವನ್ನು ಇದಲ್ಲದೆ ಬೇರೆ ಯಾವ ವಾಹನವೂ ಇಷ್ಟು ಸುಲಭವಾಗಿ ಒದಗಿಸದು. ಹೀಗಿರುವಲ್ಲಿ, ಹಿರಿಯರ ದೇಹಸುಖವನ್ನೇ ಉದ್ದೇಶಿಸಿ ಹೊರಟ ಪ್ರಯಾಣದಲ್ಲಿ ಅವರ ದೇಹವು ಸಹಿಸಲಾರದ ದಾರಿಯನ್ನೇ ಆರಿಸಿಕೊಳ್ಳುವುದು ತರವಲ್ಲ.

ಹೆದ್ದಾರಿ 1ರ ಬಿಗ್ ಸರ್ ಭಾಗದ ಸೌಂದರ್ಯವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಸಾಂತಾ ಲೂಸಿಯಾ ಪರ್ವತಶ್ರೇಣಿಯು ಅಲ್ಲಿ ತಪ್ಪಲಿನ ಬಯಲಿಗೆಂದು ಎಡೆಯನ್ನೇ ಬಿಡದೆ ನೇರವಾಗಿ ಸಾಗರದಿಂದ ಮೇಲೇಳುತ್ತದೆ. ಕೋನ್ ಪೀಕ್ ಎಂಬ ಶಿಖರವು ನೀರಿನಂಚಿನಿಂದ ಸುಮಾರು ಮೂರು ಮೈಲಿಗಳ ದೂರದಲ್ಲಿಯೇ 5,000 ಅಡಿಗಳನ್ನು ಮೀರಿ ನಿಂತಿದೆ. ಇಂತಹ ಕಡಿದಾದ ಪಾರ್ಶ್ವದಲ್ಲಿ ದಾರಿ ಕೊರೆಯುವ ಕೆಲಸವು 1919ರಲ್ಲಿ ಆರಂಭವಾಗಿ, ಸ್ಯಾನ್ ಕ್ವೆಂಟಿನ್ ಸೆರೆಮನೆಯ ಕೈದಿಗಳ ದುಡಿಮೆಯನ್ನೂ ತೆಗೆದುಕೊಂಡು, 1937ರಲ್ಲಿ ಮುಗಿಯಿತು. 1932ರಲ್ಲಿ ಕಟ್ಟಿದ ಬಿಕ್ಸ್‌ಬಿ ಸೇತುವೆಯು ಕಂದರದ ತಳದಿಂದ 260 ಅಡಿಗಳಿಗೂ ಎತ್ತರದಲ್ಲಿ ಒಂದೇ ಕಮಾನಿನಿಂದ ಎರಡು ಬೆಟ್ಟಗಳನ್ನು ಬೆಸೆದಿರುವುದನ್ನು ಕಂಡವರು ಮನುಷ್ಯನ ಕೈಗೆ ಇಷ್ಟು ಸಾಧ್ಯವೇ ಎಂದು ಬೆರಗಾಗದೆ ಇರಲಾರರು. ಆದರೆ ಆ ದಾರಿಯನ್ನು ಕಡಿದ ಕಾಲದಲ್ಲಿ ಕಡಿದವರ ಕಣ್ಣೆದುರಿಗೆ ಇದ್ದುದು ಆ ಕಾಲದ ಮೋಟರು ಕಾರು. ಕಾರ್ಮೆಲ್‌ನಿಂದ ಸ್ಯಾನ್ ಸಿಮಿಯನ್ನಿನವರೆಗಿನ ತೊಂಬತ್ತಕ್ಕೂ ಮಿಕ್ಕ ಮೈಲಿಗಳಲ್ಲಿ ಬಹುಪಾಲು, ಒಂದೊಂದು ದಿಕ್ಕಿಗೆ ಒಂದೊಂದೇ ಸಾಲು. ಎಷ್ಟೋ ಕಡೆ ಬಿಳಿಗೆರೆಯಿಂದಾಚೆಗೆ ಗಾಲಿಯೂರಲು ಎಡೆಯಿಲ್ಲ. ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ತಿರುವು ಎದುರಾಗುತ್ತದೆ.

ಈಗ ವಾಹನದ ಸ್ವರೂಪವನ್ನು ವಿಚಾರಿಸೋಣ. ಬಾಡಿಗೆಗೆ ಸಾಮಾನ್ಯವಾಗಿ ಸಿಕ್ಕುವ, ಚಾಲಕನ ತಲೆಯ ಮೇಲೆಯೇ ಒಂದು ಹಾಸಿಗೆಯುಳ್ಳ ‘ಕ್ಲಾಸ್ ಸಿ’ ಮೋಟರ್‌ಹೋಮು 25 ಅಡಿಯಿಂದ 31 ಅಡಿಯವರೆಗೆ ಉದ್ದವಾಗಿಯೂ, ಎರಡು ಕಡೆಯ ಕನ್ನಡಿಗಳನ್ನು ಬಿಟ್ಟರೂ ಎಂಟು ಅಡಿಗಳಷ್ಟು ಅಗಲವಾಗಿಯೂ ಇರುತ್ತದೆ. ಹಿಂದಿನ ಗಾಲಿಗಳಿಂದಾಚೆಗೆ ಚಾಚಿಕೊಂಡಿರುವ ಅದರ ಭಾಗವು, ಚಾಲಕನು ಬಲಕ್ಕೆ ತಿರುಗಿಸಿದಾಗ ಎಡಕ್ಕೆ ಬೀಸುತ್ತದೆ, ಎಡಕ್ಕೆ ತಿರುಗಿಸಿದಾಗ ಬಲಕ್ಕೆ ಬೀಸುತ್ತದೆ. ನಮ್ಮ ಹಿರಿಯರು ಕುಳಿತುಕೊಳ್ಳುವ ಹಿಂಬದಿಯ ಆಸನಗಳಿಗೆ ಈ ಓಲಾಟದ ಪಾಲು ಮುಂದಿನವರಿಗಿಂತ ಹೆಚ್ಚಾಗಿ ತಟ್ಟುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬಸ್ಸಿನಲ್ಲಿ ಇಳಿದು ಹೊಟ್ಟೆ ತೊಳಸಿಕೊಂಡವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಆ ಕಷ್ಟ ಅರ್ಧ ಗಂಟೆಯದು, ಇಲ್ಲಿ ಮಧ್ಯಾಹ್ನವೆಲ್ಲ ಅದೇ. ದಕ್ಷಿಣಾಭಿಮುಖವಾಗಿ ಹೋಗುವವರಿಗೆ ಪ್ರಪಾತದ ಅಂಚಿನ ಸಾಲೇ ಲಭಿಸುವುದರಿಂದ, ಕಾರಿನಲ್ಲಿ ಕುಳಿತವನಿಗೆ ಯಾವುದು ನೋಟವೋ ಅದೇ ಈ ಎತ್ತರದ ವಾಹನದ ಬಲಗಿಟಕಿಯಲ್ಲಿ ಕುಳಿತ ವೃದ್ಧರಿಗೆ ಭೀತಿಯಾಗುತ್ತದೆ. ಚಾಲಕನಾದರೋ ಸಮುದ್ರವನ್ನು ನೋಡಲು ಒಂದು ಕ್ಷಣದ ಬಿಡುವನ್ನೂ ಪಡೆಯಲಾರ. ಕ್ಯಾಲಿಫೋರ್ನಿಯದಲ್ಲಿ 40 ಅಡಿಗಳವರೆಗಿನ ಮೋಟರ್‌ಹೋಮನ್ನು ಕಾರಿನ ಸಾಧಾರಣ ಲೈಸೆನ್ಸಿನಿಂದಲೇ ಓಡಿಸಬಹುದು. ಕಾನೂನು ಅನುಮತಿಸಿದ ಮಾತ್ರಕ್ಕೆ, ದಿನನಿತ್ಯವೂ ಕಾರನ್ನೇ ಓಡಿಸಿದ ಕೈಗೆ ಮೊದಲ ದಿನವೇ ಈ ಗಾತ್ರದ ಅಳವು ಸಿದ್ಧಿಸುವುದಿಲ್ಲ. ಮೊದಲ ಪ್ರಯಾಣಕ್ಕೆ 25 ಅಡಿಗಳನ್ನು ಮೀರದ ವಾಹನವನ್ನೇ ಕೇಳಿ ಪಡೆಯಿರಿ. ಹೊರಡುವ ಹಿಂದಿನ ದಿನ, ಯಾವುದಾದರೊಂದು ಖಾಲಿ ಪಾರ್ಕಿಂಗ್ ಬಯಲಿನಲ್ಲಿ, ಹಿಂದಕ್ಕೆ ಸರಿಸುವುದನ್ನೂ ಬಲಕ್ಕೆ ಹೊರಳಿಸುವುದನ್ನೂ ಮೈಮರೆಯದೆ ಅಭ್ಯಾಸ ಮಾಡಿರಿ.

ಇನ್ನೊಂದು ಕಾರಣವು ಭೂಮಿಯದೇ. ಬಿಗ್ ಸರ್‌ನ ಬೆಟ್ಟಗಳು ನಾನಾ ಬಗೆಯ ಶಿಲೆಗಳು ಮುರಿದು ಬೆರೆತು ಆದ ಸಡಿಲವಾದ ರಾಶಿಗಳು. ಚಳಿಗಾಲದ ಮಳೆ ಅವುಗಳೊಳಗೆ ಇಳಿದಾಗ, ಮೇಲಿನಿಂದ ಗುಡ್ಡ ಜಾರುತ್ತದೆ, ಕೆಳಗಿನಿಂದ ಸಮುದ್ರವು ಬುಡವನ್ನು ಕೊರೆಯುತ್ತದೆ, ನಡುವೆ ಇರುವ ರಸ್ತೆಗೆ ಎರಡು ಕಡೆಯಿಂದಲೂ ಅಪಾಯ. 2017ರಲ್ಲಿ ಫೈಫರ್ ಕಂದರದ ಸೇತುವೆ ಬಿರುಕುಬಿಟ್ಟು ಅದನ್ನು ಕೆಡವಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಮಡ್ ಕ್ರೀಕಿನ ಬಳಿ ಗುಡ್ಡವೇ ರಸ್ತೆಯನ್ನು ಹೂತು ಸಮುದ್ರಕ್ಕೆ ಇಳಿದು, ಮುಂದಿನ ವರ್ಷದ ಜುಲೈವರೆಗೆ ಸಂಚಾರ ನಿಂತಿತು. 2021ರ ಜನವರಿಯಲ್ಲಿ ರ‍್ಯಾಟ್ ಕ್ರೀಕಿನಲ್ಲಿ ರಸ್ತೆಯ ಒಂದು ತುಂಡೇ ಕೊಚ್ಚಿಹೋಯಿತು; 2023ರಲ್ಲಿಯೂ 2024ರಲ್ಲಿಯೂ ಮತ್ತೆ ಕುಸಿತಗಳಾದುವು. 2024ರ ಜುಲೈಯಲ್ಲಿ ಅಂಕೋಲದ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯನ್ನೂ ಹಲವು ಜೀವಗಳನ್ನೂ ಒಯ್ದುದನ್ನು ಕಂಡು ಮರುಗಿದ ನಮಗೆ, ಬೆಟ್ಟಕ್ಕೂ ಕಡಲಿಗೂ ನಡುವೆ ಕಡಿದ ದಾರಿಯ ಸ್ವಭಾವವು ಅಪರಿಚಿತವಲ್ಲ. ಯಾವ ಋತುವಿನಲ್ಲಿ ಯಾವ ಭಾಗ ತೆರೆದಿರುತ್ತದೆಂಬುದನ್ನು ಹೊರಡುವ ದಿನದ ಬೆಳಿಗ್ಗೆ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸಿನ ಪ್ರಕಟಣೆಯಿಂದಲೇ ತಿಳಿಯಬೇಕು. ಆರು ತಿಂಗಳ ಮೊದಲು ಕ್ಯಾಂಪ್‌ಗ್ರೌಂಡಿಗೆ ಹಣ ಕಟ್ಟಿದವರು ಅಂತಹ ದಾರಿಯೊಂದನ್ನೇ ನಂಬಿಕೊಂಡಿರುವುದು ವಿವೇಕವಲ್ಲ.

ಇದಕ್ಕೆ ಸೇರಿದಂತೆ ಒಂದು ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಹೆದ್ದಾರಿ 1 ಮುಚ್ಚಿದ ದಿನಗಳಲ್ಲಿ ನಿಮ್ಮ ಫೋನಿನ ನಕ್ಷೆಯು ನಸಿಮಿಯೆಂಟೊ-ಫರ್ಗ್ಯುಸನ್ ಎಂಬ ರಸ್ತೆಯನ್ನು ಸೂಚಿಸೀತು. ಕಾರ್ಮೆಲ್ಲಿಗೂ ಕ್ಯಾಂಬ್ರಿಯಾಕ್ಕೂ ನಡುವೆ ಸಾಂತಾ ಲೂಸಿಯಾ ಶ್ರೇಣಿಯನ್ನು ಅಡ್ಡವಾಗಿ ದಾಟುವ ದಾರಿ ಅದೊಂದೇ. ಕಿರಿದಾದ, ಕಡಿದಾದ, ಅಂಚಿಗೆ ತಡೆಯಿಲ್ಲದ ಆ ಬೆಟ್ಟದ ದಾರಿಯು ಮೋಟರ್‌ಹೋಮಿಗೆ ಸರ್ವಥಾ ತಕ್ಕುದಲ್ಲ. ನಕ್ಷೆಯು ಅಲ್ಪತಮ ಕಾಲವನ್ನು ಲೆಕ್ಕ ಹಾಕುತ್ತದೆಯೇ ಹೊರತು ನಿಮ್ಮ ವಾಹನದ ಉದ್ದಗಲಗಳನ್ನು ತಿಳಿಯದು. ಆದಕಾರಣ ದಾರಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು, ನಕ್ಷೆ ಏನು ಹೇಳಿದರೂ ಬರೆದುದನ್ನು ಬಿಡಕೂಡದೆಂದು ಎಲ್ಲ ಚಾಲಕರೂ ಪರಸ್ಪರ ಮಾತು ಕೊಟ್ಟುಕೊಳ್ಳಿರಿ.

ನಾನು ಸೂಚಿಸುವ ದಾರಿ ಇದು: ಸ್ಯಾನ್ ಹೋಸೆಯಿಂದ ಹೆದ್ದಾರಿ 101ರಲ್ಲಿ ಗಿಲ್ರಾಯ್, ಸಲೀನಾಸ್, ಕಿಂಗ್ ಸಿಟಿಗಳನ್ನು ಹಾದು ಪಾಸೊ ರೋಬಲ್ಸಿಗೆ, ಅಲ್ಲಿಂದ ಪಶ್ಚಿಮಕ್ಕೆ ಹೊರಳಿ ಹೆದ್ದಾರಿ 46ರಲ್ಲಿ ಬೆಟ್ಟವನ್ನು ದಾಟಿ ಹೆದ್ದಾರಿ 1ಕ್ಕೆ, ಅಲ್ಲಿ ಉತ್ತರಕ್ಕೆ ತಿರುಗಿ ಕ್ಯಾಂಬ್ರಿಯಾವನ್ನು ಕಳೆದು ಸ್ಯಾನ್ ಸಿಮಿಯನ್ ಕ್ರೀಕಿಗೆ. ಒಟ್ಟು 190 ಮೈಲಿಗಳ ಸುಮಾರು. ಕಾರಿಗೆ ಮೂರೂವರೆ ಗಂಟೆ ಸಾಕಾದ ಈ ದೂರಕ್ಕೆ ನೀವು ಇಡೀ ಒಂದು ಹಗಲನ್ನು ಮೀಸಲಿಡಿರಿ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ನಾಲ್ಕಕ್ಕೆ ತಲಪಿದರೆ ಅದು ವಿಳಂಬವಲ್ಲ. ಗ್ಯಾಲನ್ನಿಗೆ ಎಂಟು ಹತ್ತು ಮೈಲಿಗಿಂತ ಹೆಚ್ಚು ನಡೆಯದ ಈ ವಾಹನಕ್ಕೆ ಸಮತಲದ ದಾರಿಯಿಂದ ಇಂಧನದ ಉಳಿತಾಯವೂ ಆಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಮೇಲ್ಛಾವಣಿಯ ಎತ್ತರವನ್ನು ಓದಿದ ಮೇಲೆಯೇ ಒಳಗೆ ನುಗ್ಗಿರಿ. ಅಡುಗೆಗೂ ಫ್ರಿಜ್ಜಿಗೂ ಬಳಸುವ ಪ್ರೊಪೇನಿನ ಬಿರಟೆಯನ್ನು ಅದಕ್ಕೂ ಮೊದಲು ಮುಚ್ಚಿರಿ.

ಸಮುದ್ರವಿಲ್ಲದ ಈ ದಾರಿಯಲ್ಲಿ ನೋಡುವುದಕ್ಕೆ ಏನಿದೆಯೆಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೃಷಿಯನ್ನು ಬಲ್ಲ ಮನೆತನಗಳಿಂದ ಬಂದ ನಮ್ಮ ಹಿರಿಯರಿಗೆ ಸಲೀನಾಸ್ ಕಣಿವೆಗಿಂತ ಮಿಗಿಲಾದ ನೋಟವನ್ನು ಕ್ಯಾಲಿಫೋರ್ನಿಯದಲ್ಲಿ ತೋರಿಸುವುದು ಕಷ್ಟ. ಎರಡು ಬೆಟ್ಟಸಾಲುಗಳ ನಡುವೆ, ಕಣ್ಣು ಹಾಯುವವರೆಗೂ, ಲೆಟಿಸು, ಬ್ರಾಕೊಲಿ, ಹೂಕೋಸು, ಸ್ಟ್ರಾಬೆರಿಗಳ ಪಾತಿಗಳು. ಕಪ್ಪು ಮಣ್ಣಿನ ಮೇಲೆ ನೂಲು ಹಿಡಿದು ಎಳೆದಂತೆ ಸಾಲುಗಳು. ಮಂಡ್ಯದ ಗದ್ದೆಯನ್ನೋ ಹಾಸನದ ಆಲೂಗಡ್ಡೆಯ ಹೊಲವನ್ನೋ ನೋಡಿಕೊಂಡು ಬಾಳಿದ ತಂದೆಯೊಬ್ಬರು ಇಲ್ಲಿ ಕಿಟಕಿಯಿಂದ ಕಣ್ಣು ಕೀಳದೆ, ನೀರು ಎಲ್ಲಿಂದ, ಗೊಬ್ಬರ ಯಾವುದು, ಕೂಲಿ ಎಷ್ಟು ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳುತ್ತಾರೆ. ಆ ಕೂಲಿಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಕೊಡಿರಿ. ಸಲೀನಾಸಿಗೆ ದಕ್ಷಿಣದ ಚುವಾಲಾರ್ ಎಂಬ ಚಿಕ್ಕ ಊರಿನ ಬಳಿ, 1963ರ ಸೆಪ್ಟೆಂಬರಿನಲ್ಲಿ, ಮೆಕ್ಸಿಕೋದಿಂದ ಒಪ್ಪಂದದ ಮೇಲೆ ಕರೆತಂದಿದ್ದ ಹೊಲದ ಆಳುಗಳನ್ನು ಬೆಂಚು ಜೋಡಿಸಿದ ಲಾರಿಯೊಂದರಲ್ಲಿ ತುಂಬಿಕೊಂಡು ಹೋಗುತ್ತಿದ್ದಾಗ ರೈಲು ಅಪ್ಪಳಿಸಿ 32 ಮಂದಿ ಮಡಿದರು. ಮರುವರ್ಷವೇ ಆ ಒಪ್ಪಂದದ ಪದ್ಧತಿ ಕೊನೆಗೊಂಡಿತು. ನಮ್ಮ ತಟ್ಟೆಯ ಸೊಪ್ಪಿನ ಹಿಂದೆ ಇರುವ ಈ ಬೆವರಿನ ಚರಿತ್ರೆಯನ್ನು ಮೊಮ್ಮಕ್ಕಳೂ ಅರಿಯಲಿ.

ಸಲೀನಾಸಿನಲ್ಲಿಯೇ ಮೊದಲ ನಿಲುಗಡೆಯನ್ನು ಮಾಡಬೇಕೆಂದು ನಾನು ಆಗ್ರಹಿಸುವುದಕ್ಕೆ ನಿಮ್ಮ ವಾಹನಕ್ಕೇ ಸಂಬಂಧಿಸಿದ ಒಂದು ಕಾರಣವಿದೆ. 1902ರಲ್ಲಿ ಈ ಊರಿನಲ್ಲಿ ಹುಟ್ಟಿ, 1962ರಲ್ಲಿ ನೊಬೆಲ್ ಪುರಸ್ಕಾರವನ್ನು ಪಡೆದ ಜಾನ್ ಸ್ಟೈನ್‌ಬೆಕ್, ತನ್ನ ದೇಶವನ್ನು ಮತ್ತೊಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲದಿಂದ, 1960ರಲ್ಲಿ, ಟ್ರಕ್ಕಿನ ಬೆನ್ನ ಮೇಲೆ ಮಲಗುವ ಅಡುವ ಅನುಕೂಲಗಳುಳ್ಳ ಕೋಣೆಯೊಂದನ್ನು ಕಟ್ಟಿಸಿಕೊಂಡು, ಚಾರ್ಲಿಯೆಂಬ ತನ್ನ ನಾಯಿಯೊಡನೆ ಅಮೆರಿಕವನ್ನು ಸುತ್ತಿ ಬಂದನು. ಡಾನ್ ಕಿಹೋಟೆಯ ಕುದುರೆಯ ಹೆಸರಾದ ರೋಸಿನಾಂಟೆ ಎಂಬುದನ್ನೇ ಆ ಟ್ರಕ್ಕಿಗೆ ಇಟ್ಟಿದ್ದನು. ಆ ವಾಹನವನ್ನು ಸಲೀನಾಸಿನ ರಾಷ್ಟ್ರೀಯ ಸ್ಟೈನ್‌ಬೆಕ್ ಕೇಂದ್ರದಲ್ಲಿ ಇರಿಸಿದ್ದಾರೆ. ದೊಡ್ಡ ಲೇಖಕನೊಬ್ಬನು ಅಷ್ಟು ಸಣ್ಣ ಗೂಡಿನಲ್ಲಿ ಒಂದು ಖಂಡವನ್ನು ಸುತ್ತಿದನೆಂಬುದನ್ನು ಕಂಡ ಮೇಲೆ, ನಿಮ್ಮ 25 ಅಡಿಗಳ ಮನೆ ಮಕ್ಕಳಿಗೆ ಇಕ್ಕಟ್ಟೆಂದು ತೋರದು. ಕೇಂದ್ರವು ತೆರೆದಿರುವ ದಿನಗಳನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿರಿ.

ಸಲೀನಾಸಿನಿಂದ ಐವತ್ತು ಮೈಲಿ ಮುಂದೆ ಕಿಂಗ್ ಸಿಟಿ. ಅಲ್ಲಿ ನದಿಯ ದಂಡೆಯಲ್ಲಿರುವ ಸ್ಯಾನ್ ಲೊರೆಂಜೊ ಉದ್ಯಾನದಲ್ಲಿ ದೊಡ್ಡ ವಾಹನಗಳಿಗೆ ಎಡೆಯೂ ಮರದ ನೆರಳೂ ಇವೆ. ಕೃಷಿಯ ಹಳೆಯ ಸಲಕರಣೆಗಳ ವಸ್ತುಸಂಗ್ರಹಾಲಯವೂ ಇದೆ. ಚಿತ್ರಾನ್ನ ಮೊಸರನ್ನಗಳ ಬುತ್ತಿ ಬಿಚ್ಚಲು ಅದೇ ಸರಿಯಾದ ಸ್ಥಳ. ಊಟವಾದ ಮೇಲೆ ಹಿರಿಯರು ಮುಕ್ಕಾಲು ಗಂಟೆ ತಮ್ಮ ಹಾಸಿಗೆಯಲ್ಲಿ ಒರಗಲಿ. ಏಕೆಂದರೆ ವಾಹನ ಚಲಿಸುತ್ತಿರುವಾಗ ಒರಗುವುದಾಗಲಿ, ಕಾಫಿ ಕಾಯಿಸುವುದಾಗಲಿ, ಶೌಚಾಲಯಕ್ಕೆ ಎದ್ದು ಹೋಗುವುದಾಗಲಿ ಕೂಡದು, ಸೀಟ್‌ಬೆಲ್ಟು ಎಲ್ಲರಿಗೂ ಕಡ್ಡಾಯ. ಇದನ್ನು ಹಿರಿಯರಿಗೆ ಹೊರಡುವ ಮೊದಲೇ ಸಮಾಧಾನವಾಗಿ ತಿಳಿಸಿ, ಅವರು ಕೇಳುವುದಕ್ಕೆ ಸಂಕೋಚಪಡುವರೆಂದು ಬಲ್ಲವರಾಗಿ, ಗಂಟೆಗೊಮ್ಮೆ ನೀವಾಗಿಯೇ ನಿಲ್ಲಿಸಿರಿ. ಮೂವತ್ತು ನಲವತ್ತು ಮೈಲಿಗೊಂದರಂತೆ ಈ ದಾರಿಯ ಅಕ್ಕಪಕ್ಕದಲ್ಲಿ ಸ್ಪ್ಯಾನಿಷ್ ಕಾಲದ ಮಿಷನ್ನುಗಳಿವೆ. 1797ರಲ್ಲಿ ಸ್ಥಾಪಿತವಾದ ಸ್ಯಾನ್ ಮಿಗೆಲ್ ಹೆದ್ದಾರಿಗೆ ತೀರ ಸಮೀಪದ್ದು, ಹಿರಿಯರು ಕಾಲಾಡಿಸಲು ಅನುಕೂಲವಾದುದು.

ಪಾಸೊ ರೋಬಲ್ಸಿನ ದಕ್ಷಿಣದಲ್ಲಿ 101ನ್ನು ಬಿಟ್ಟು 46ಕ್ಕೆ ಹೊರಳಿದ ಮೇಲೆ ಪ್ರಯಾಣದ ಗತಿಯೇ ಬೇರೆಯಾಗುತ್ತದೆ. ದ್ರಾಕ್ಷಿಯ ತೋಟಗಳ ನಡುವೆ ದಾರಿ ಏರುತ್ತದೆ. ಓಕ್ ಮರಗಳು ವಿರಳವಾಗುತ್ತವೆ. ಕಣಿವೆಯಲ್ಲಿ ಕಿಟಕಿ ತೆರೆಯಗೊಡದಂತೆ ಕಾದಿದ್ದ ಗಾಳಿಯು ಬೆಟ್ಟದ ನೆತ್ತಿಯನ್ನು ದಾಟುತ್ತಿದ್ದಂತೆ ತಂಪಾಗುತ್ತದೆ. ಆಕಾಶ ತಿಳಿಯಾಗಿರುವ ದಿನ, ನೆತ್ತಿಯಿಂದ ತುಸು ಇಳಿದಲ್ಲಿ, ಹುಲ್ಲುಬೆಟ್ಟಗಳ ಸಾಲುಸಾಲಿನಾಚೆಗೆ ಸಮುದ್ರವೂ, ಅದರ ಅಂಚಿನಲ್ಲಿ 576 ಅಡಿಗಳಷ್ಟು ಎದ್ದು ನಿಂತ ಜ್ವಾಲಾಮುಖಿಜನ್ಯವಾದ ಮಾರೊ ಬಂಡೆಯೂ ಒಟ್ಟಿಗೆ ಗೋಚರಿಸುತ್ತವೆ. ದಿನವೆಲ್ಲ ಕಾಣದಿದ್ದ ಸಾಗರವು ಹೀಗೆ ಎತ್ತರದಿಂದ, ಅಕಸ್ಮಾತ್ತಾಗಿ, ಸಮಗ್ರವಾಗಿ ಎದುರಾಗುವ ಆ ಒಂದು ಕ್ಷಣಕ್ಕಾಗಿಯೇ ನಾನು ಒಳನಾಡಿನ ದಾರಿಯನ್ನು ಮೆಚ್ಚುತ್ತೇನೆ. ಇಲ್ಲಿಂದ ಮುಂದೆ ಉದ್ದವಾದ ಇಳಿಜಾರು. ರಸ್ತೆ ಅಗಲವಾದುದು, ತಿರುವುಗಳು ವಿಶಾಲವಾದುವು. ತಥಾಪಿ ಐದಾರು ಟನ್ನು ತೂಗುವ ವಾಹನವನ್ನು ಬ್ರೇಕನ್ನೇ ಒತ್ತಿ ಹಿಡಿದು ಇಳಿಸಿದರೆ ಬ್ರೇಕು ಕಾದು ಸೋಲುತ್ತದೆ. ನೆತ್ತಿಯಲ್ಲಿಯೇ ಕೆಳಗಿನ ಗೇರಿಗೆ ಬದಲಿಸಿ, ಎಂಜಿನ್ನೇ ವೇಗವನ್ನು ತಡೆಯುವಂತೆ ಮಾಡಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕು.

ನೀವು ಗುಂಪಾಗಿ ಹೊರಟಿರುವುದರಿಂದ ಒಂದು ಮಾತು. ಐದು ಮೋಟರ್‌ಹೋಮುಗಳು ಮದುವೆಯ ದಿಬ್ಬಣದಂತೆ ಒಂದರ ಬೆನ್ನಿಗೊಂದು ಸಾಗುವುದು ಅಂದವೆಂದು ನಿಮಗೆ ತೋರಬಹುದು. ಈ ರಾಜ್ಯದ ಕಾನೂನಿಗೆ ಅದು ಸಮ್ಮತವಲ್ಲ. ಊರಿನ ಹೊರಗೆ ಸಾಲಾಗಿ ಹೋಗುವ ವಾಹನಗಳು, ಇತರರು ಹಿಂದಿಕ್ಕಿ ಮುಂದೆ ಹೋಗಲು ಅನುವಾಗುವಂತೆ, ಕನಿಷ್ಠ 100 ಅಡಿಗಳ ಅಂತರವನ್ನು ಬಿಡಲೇಬೇಕು. ಎರಡೇ ಸಾಲಿನ ರಸ್ತೆಯಲ್ಲಿ, ಹಿಂದಿಕ್ಕುವುದು ಅಪಾಯವಾದಲ್ಲಿ, ನಿಧಾನವಾಗಿ ಹೋಗುವ ವಾಹನದ ಬೆನ್ನಿಗೆ ಐದು ಅಥವಾ ಹೆಚ್ಚು ವಾಹನಗಳು ಕೂಡಿದರೆ ಅದು ಮುಂದಿನ ಟರ್ನ್‌ಔಟಿನಲ್ಲಿ ಬದಿಗೆ ಸರಿದು ದಾರಿ ಕೊಡತಕ್ಕದ್ದು. ಅರ್ಧರ್ಧ ಗಂಟೆಯ ಅಂತರದಲ್ಲಿ ಒಂದೊಂದು ಕುಟುಂಬ ಹೊರಟು, ಸಲೀನಾಸಿನಲ್ಲಿಯೂ ಕಿಂಗ್ ಸಿಟಿಯಲ್ಲಿಯೂ ಸಂಧಿಸಿದರೆ ಯಾರಿಗೂ ಆತುರವಿಲ್ಲ.

ಬಿಡಾರದ ವಿಚಾರಕ್ಕೆ ಬರುತ್ತೇನೆ. ರಾಜ್ಯದ ಉದ್ಯಾನಗಳ ಕ್ಯಾಂಪ್‌ಗ್ರೌಂಡುಗಳಲ್ಲಿ ಜಾಗವನ್ನು ಆರು ತಿಂಗಳ ಮುಂಚಿತವಾಗಿ ಕಾದಿರಿಸಬಹುದು. ಸಮುದ್ರತೀರದ ಜಾಗಗಳು ತೆರೆದ ಬೆಳಿಗ್ಗೆಯೇ ತೀರಿಹೋಗುವುದುಂಟು. ಸಾಧಾರಣವಾಗಿ ಒಂದು ಜಾಗಕ್ಕೆ ಎಂಟು ಮಂದಿ ಮಿತಿ. ಸ್ಯಾನ್ ಸಿಮಿಯನ್ ಕ್ರೀಕಿನಲ್ಲಿ ವಾಹನಕ್ಕೆ ಜೋಡಿಸಿಕೊಳ್ಳುವ ವಿದ್ಯುತ್ತಾಗಲಿ ನೀರಾಗಲಿ ಇಲ್ಲವೆಂಬುದನ್ನು ಅಡುಗೆಯ ಹೊಣೆ ಹೊತ್ತವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮಿಕ್ಸಿ, ರೈಸ್ ಕುಕ್ಕರುಗಳು ಜನರೇಟರನ್ನು ಬೇಡುತ್ತವೆ. ಜನರೇಟರಿಗೆ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಮಾತ್ರ ಅನುಮತಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸಂಪೂರ್ಣ ನಿಶ್ಶಬ್ದ. ಆದುದರಿಂದ ದೋಸೆಯ ಹಿಟ್ಟನ್ನು ಮನೆಯಲ್ಲಿಯೇ ರುಬ್ಬಿ ತನ್ನಿರಿ. ಬೆಳಗಿನ ತಿಂಡಿಗೆ ಕಾಯಿಚಟ್ನಿಯನ್ನು ಬಿಟ್ಟು ಚಟ್ನಿಪುಡಿಯನ್ನು ನೆಚ್ಚಿರಿ. ಅನ್ನವನ್ನು ಪ್ರೊಪೇನಿನ ಒಲೆಯ ಮೇಲೆ ಪಾತ್ರೆಯಲ್ಲಿಟ್ಟು ಮಾಡಿರಿ. ಸೌದೆಯನ್ನು ಮಾತ್ರ ಮನೆಯಿಂದ ತರಬೇಡಿರಿ, ಅಲ್ಲಿಯೇ ಕೊಳ್ಳಿರಿ. ಓಕ್ ಮರಗಳನ್ನು ಕೊಲ್ಲುವ ಕೀಟಗಳೂ ರೋಗಗಳೂ ಈ ನಾಡಿನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹಬ್ಬುವುದು ಬಹುಮಟ್ಟಿಗೆ ಇಂತಹ ಸೌದೆಯ ಮೂಲಕವೇ. ಪಕ್ಕದ ಬಿಡಾರದವರು ಮೌನವನ್ನು ಅರಸಿ ಬಂದವರೆಂಬುದನ್ನು ನೆನೆದು, ಅಂತ್ಯಾಕ್ಷರಿಯನ್ನು ಸೂರ್ಯಾಸ್ತದೊಡನೆ ಮುಗಿಸಿಕೊಳ್ಳಿರೆಂದು ವಿಶೇಷವಾಗಿ ಬೇಡುತ್ತೇನೆ.

ಕಾಲದ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ ದೃಢವಾದುದು. ಶಾಲೆಗೆ ರಜೆಯೆಂದು ಜೂನ್ ಜುಲೈಗಳಲ್ಲಿಯೇ ಹೊರಟರೆ, ಒಳನಾಡಿನ ಕಣಿವೆ ಬೆಂಕಿಯಾಗಿ ಕಾದಿರುವ ಆ ದಿನಗಳಲ್ಲಿ ತೀರಕ್ಕೆ ಮಂಜು ಕವಿದು, ನಡುಹಗಲಿನಲ್ಲಿಯೂ ಸಾಗರ ಕಾಣದೆ ಹೋಗಬಹುದು. ಕಾದ ನೆಲವೇ ತಣ್ಣನೆಯ ಕಡಲ ಗಾಳಿಯನ್ನು ಒಳಕ್ಕೆ ಸೆಳೆಯುವುದು ಅದಕ್ಕೆ ಕಾರಣ. ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರು ತಿಂಗಳುಗಳಲ್ಲಿ ಆಕಾಶ ತಿಳಿಯಾಗಿರುವುದು ಹೆಚ್ಚು. ಶುಕ್ರವಾರವೊಂದು ದಿನ ಶಾಲೆಗೆ ಬಿಡುವು ಕೇಳುವುದು ತಪ್ಪಾಗಲಾರದು. ಯಾವ ತಿಂಗಳಿನಲ್ಲಾದರೂ ಹಿರಿಯರಿಗೆ ಉಣ್ಣೆಯ ಟೋಪಿ, ಸ್ವೆಟರುಗಳು ಬೇಕು. ಮಲ್ಪೆಯಲ್ಲಿ, ಮುರ್ಡೇಶ್ವರದಲ್ಲಿ ಮೊಳಕಾಲುದ್ದ ನೀರಿಗಿಳಿದು ನಿಂತು ಅಭ್ಯಾಸವಾದವರಿಗೆ ಈ ಕಡಲೂ ಪಶ್ಚಿಮದ ಕಡಲೇ, ಇಲ್ಲಿಯೂ ಸೂರ್ಯನು ನೀರಿನಲ್ಲಿಯೇ ಮುಳುಗುತ್ತಾನೆ. ಆದರೆ ನೀರಿನ ಶೈತ್ಯ ಮೈ ಮರಗಟ್ಟಿಸುವಂಥದು, ಶಾಂತವಾಗಿ ಕಂಡ ದಡದ ಮೇಲೆಯೂ ಮುನ್ಸೂಚನೆಯಿಲ್ಲದೆ ಹೆದ್ದೆರೆಯೊಂದು ಬಹುದೂರ ಏರಿ ಬಂದು ನಿಂತವರನ್ನು ಸೆಳೆದೊಯ್ಯುವುದುಂಟು. ಸಮುದ್ರಕ್ಕೆ ಬೆನ್ನು ಮಾಡಿ ಯಾರೂ ನಿಲ್ಲಬಾರದು. ಫೋಟೋ ತೆಗೆಯುವಾಗಲಂತೂ ಇದು ಮುಖ್ಯ.

ಇನ್ನು ಬಿಗ್ ಸರ್. ಅದನ್ನು ನೋಡಬೇಡಿರೆಂದು ನಾನು ಹೇಳಲಿಲ್ಲ. ಮನೆಯನ್ನೇ ಹೊತ್ತುಕೊಂಡು ನೋಡಬೇಡಿರೆಂದು ಹೇಳಿದೆ. ನಿಮ್ಮಲ್ಲಿ ಒಂದು ಕುಟುಂಬವಾದರೂ ಮೋಟರ್‌ಹೋಮಿನ ಜೊತೆಗೆ ಕಾರೊಂದನ್ನು ತರಲಿ. ಎರಡನೆಯ ದಿನ ಬೆಳಿಗ್ಗೆ, ಬಿಡಾರವನ್ನು ಅಲ್ಲಿಯೇ ಬಿಟ್ಟು, ಹಿರಿಯರನ್ನು ಸರದಿಯ ಮೇಲೆ ಆ ಕಾರಿನಲ್ಲಿ ಉತ್ತರಕ್ಕೆ ಕರೆದೊಯ್ಯಿರಿ. ಹರ್ಸ್ಟ್ ಮಹಲನ್ನು ದಾಟಿ ನಾಲ್ಕೈದು ಮೈಲಿಗಳಲ್ಲಿ, ಪಿಯೆದ್ರಾಸ್ ಬ್ಲಾಂಕಾಸಿನ ದಡದ ಮೇಲೆ, ಆನೆ ಸೀಲುಗಳು ಮರಳನ್ನು ಮೈಮೇಲೆ ಎರಚಿಕೊಳ್ಳುತ್ತ ಮಲಗಿರುತ್ತವೆ. ಎಣ್ಣೆಗಾಗಿ ಬೇಟೆಯಾಡಿದ್ದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಿರ್ವಂಶವಾಗುವ ಅಂಚಿಗೆ ಬಂದಿದ್ದ ಈ ಪ್ರಾಣಿಗಳು, ರಕ್ಷಣೆ ದೊರೆತ ಮೇಲೆ ಚೇತರಿಸಿಕೊಂಡು, 1990ರಲ್ಲಿ ಈ ದಡಕ್ಕೆ ಬರತೊಡಗಿದುವು. ವರ್ಷದ ಯಾವ ಕಾಲದಲ್ಲಿ ಹೋದರೂ ಒಂದಲ್ಲ ಒಂದು ಗುಂಪು ಇದ್ದೇ ಇರುತ್ತದೆ. ಹಲಗೆ ಹಾಸಿದ ಸಮತಟ್ಟಾದ ನಡೆದಾರಿಯಿಂದ ಗಾಲಿಕುರ್ಚಿಯಲ್ಲಿ ಕುಳಿತವರೂ ಅವನ್ನು ನೋಡಬಹುದು. ಅಲ್ಲಿಂದ ಹತ್ತು ಮೈಲಿಗಳ ಸುಮಾರು ಮುಂದೆ ಹೋದರೆ ರ‍್ಯಾಗೆಡ್ ಪಾಯಿಂಟ್. ಬಿಗ್ ಸರ್‌ನ ದಕ್ಷಿಣದ ಬಾಗಿಲು. ಆ ಬಂಡೆಯ ಅಂಚಿನಿಂದ ಉತ್ತರಕ್ಕೆ ನೋಡಿದರೆ, ಬೆಟ್ಟಗಳು ಒಂದರ ಹಿಂದೊಂದು ಸಮುದ್ರಕ್ಕೆ ಇಳಿದಿರುವುದೂ, ಅವುಗಳ ಕಟಿಯಲ್ಲಿ ಗೆರೆಯಂತೆ ಆ ರಸ್ತೆ ಸುತ್ತಿ ಮರೆಯಾಗುವುದೂ, ನಿಂತ ನೆಲದಿಂದಲೇ ಮನದಣಿಯೆ ಕಾಣಸಿಗುತ್ತದೆ. ಚಾಲಕನಿಗೂ ಆ ನೋಟದಲ್ಲಿ ಪಾಲು ದೊರೆಯುತ್ತದೆ. ಜೂಲಿಯಾ ಮಾರ್ಗನ್ ಎಂಬ ಸ್ತ್ರೀ ವಾಸ್ತುಶಿಲ್ಪಿ 1919ರಿಂದ ಮೊದಲ್ಗೊಂಡು ಇಪ್ಪತ್ತೆಂಟು ವರ್ಷಗಳ ಕಾಲ ಕಟ್ಟಿಸಿದ ಹರ್ಸ್ಟ್ ಮಹಲನ್ನು ಮಂಡಿನೋವಿಲ್ಲದವರು ಮಧ್ಯಾಹ್ನ ನೋಡಿಬರಲಿ. ಅಲ್ಲಿ ಮೆಟ್ಟಿಲುಗಳು ಬಹಳ, ಹತ್ತಲಾರದವರಿಗೆ ಬೇರೆ ಪ್ರವಾಸದ ಏರ್ಪಾಟನ್ನು ಮೊದಲೇ ಕೇಳಿಕೊಳ್ಳಬೇಕು.

ಹಿಂದಿರುಗುವ ದಾರಿಯೂ ಅದೇ ಆಗಲಿ, ಆದರೆ ಹೊತ್ತು ಬೇರೆಯಾಗಲಿ. ಮಾಂಟರೆ ಕೊಲ್ಲಿಯಿಂದ ಏಳುವ ಗಾಳಿಯು ಮಧ್ಯಾಹ್ನದ ಮೇಲೆ ಸಲೀನಾಸ್ ಕಣಿವೆಯುದ್ದಕ್ಕೂ ವಾಯವ್ಯದಿಂದ ಆಗ್ನೇಯಕ್ಕೆ ಬಿರುಸಾಗಿ ಬೀಸುತ್ತದೆ. ಹೋಗುವಾಗ ಅದು ನಿಮ್ಮನ್ನು ಹಿಂದಿನಿಂದ ತಳ್ಳುತ್ತದೆ. ಬರುವಾಗ ಗೋಡೆಯಂತೆ ಎತ್ತರವಾದ ಮುಖದ ನಿಮ್ಮ ವಾಹನಕ್ಕೆ ಎದುರಾಗಿ, ಇಂಧನವನ್ನು ಹೀರಿ, ಚಾಲಕನ ತೋಳುಗಳನ್ನು ದಣಿಸುತ್ತದೆ. ಆದುದರಿಂದ ಮರಳುವ ದಿನ ಬೆಳಿಗ್ಗೆ ಏಳಕ್ಕೆಲ್ಲ ಹೊರಟು, ಹನ್ನೊಂದರೊಳಗೆ ಸಲೀನಾಸನ್ನು ದಾಟಿರಿ. ಅದಕ್ಕಾಗಿ ಕೊಳೆನೀರಿನ ತೊಟ್ಟಿಗಳನ್ನು ಹಿಂದಿನ ಸಂಜೆಯೇ, ಅದಕ್ಕೆಂದು ನಿಯತವಾದ ಡಂಪ್ ಸ್ಟೇಷನ್ನಿನಲ್ಲಿ, ಮೊದಲು ಶೌಚದ್ದನ್ನೂ ಅನಂತರ ಸ್ನಾನದ್ದನ್ನೂ ಈ ಕ್ರಮದಲ್ಲಿಯೇ ಬರಿದುಮಾಡಿಕೊಳ್ಳಿರಿ. ಎರಡನೆಯದರ ನೀರು ಕೊಳವೆಯನ್ನು ತೊಳೆಯುತ್ತದೆ. ಈ ಕೆಲಸವನ್ನು ಬಾಡಿಗೆ ಕೊಟ್ಟವರಿಂದ ಮೊದಲೇ ನೋಡಿ ಕಲಿತುಕೊಂಡವರು ಪ್ರತಿ ವಾಹನಕ್ಕೂ ಇಬ್ಬರಾದರೂ ಇರಬೇಕು.

ದಾರಿಯ ವಿವರಗಳನ್ನು, ನಿಲುಗಡೆಗಳ ಹೆಸರು ಹೊತ್ತುಗಳ ಸಹಿತ, ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು ಪ್ರತಿಯೊಂದು ವಾಹನದ ಹಿರಿಯರ ಕೈಗೂ ಒಂದೊಂದು ಪ್ರತಿಯನ್ನು ಕೊಡಿರಿ. ಮುಂದೇನು ಬರುತ್ತದೆಂಬುದು ಅವರಿಗೂ ತಿಳಿದಿರಲಿ.

ಇತಿ ನಿಮ್ಮ ಹಿತೈಷಿ,
ಸ್ಯಾನ್ ಹೋಸೆಯ ಒಬ್ಬ ಕನ್ನಡಿಗ